ಸೋರ್ಸ್ ಆಫ್ ಆದರೂ ಮೀಟರ್ ಓಡುತ್ತಿದೆಯಾ? ಪುಟ್ಟ ಟೆರಾಹರ್ಟ್ಸ್ ಅಳತೆ ಪೆಟ್ಟಿಗೆಯ ದೋಷ ಹುಡುಕುವ ಬಗೆ

ಟೆರಾಹರ್ಟ್ಸ್ ಎಂದರೆ ಮೈಕ್ರೋವೇವ್ ಮತ್ತು ಇನ್ಫ್ರಾರೆಡ್ ನಡುವಿನ ಕಿರಣ. ಅದನ್ನು ಹೊರಡಿಸುವ ಸೋರ್ಸ್ ಒಂದರ ಪವರ್ ಎಷ್ಟು, ಫ್ರೀಕ್ವೆನ್ಸಿ ಎಷ್ಟು ಎಂದು ನೋಡಲು ಕೋಣೆ ತುಂಬುವ ಯಂತ್ರ ಬೇಕಿಲ್ಲ. ಬಿಸಿ ಬದಲಾದಾಗ ವೋಲ್ಟೇಜ್ ಕೊಡುವ ಒಂದು ಪೈರೋಎಲೆಕ್ಟ್ರಿಕ್ ಡಿಟೆಕ್ಟರ್, ಅದರ ಮುಂದೆ ಕಿರಣವನ್ನು ತಡೆದು ಬಿಡುತ್ತಾ ತಿರುಗುವ ಚಾಪರ್ ಚಕ್ರ, ಆ ತಡೆ-ಬಿಡುವಿನ ವೇಗದಲ್ಲಿ ಬರುವ ಸಿಗ್ನಲನ್ನಷ್ಟೇ ಹೆಕ್ಕುವ ಒಂದು ಲಾಕ್-ಇನ್ ಬೋರ್ಡ್, ಸ್ಟೆಪರ್ ಮೋಟರ್ ಮೇಲೆ ಸರಿಯುವ ಕನ್ನಡಿ, ಕದಲದ ಇನ್ನೊಂದು ಕನ್ನಡಿ, ನಡುವೆ ಕಿರಣವನ್ನು ಎರಡಾಗಿ ಸೀಳುವ ತಟ್ಟೆ. ಇವಿಷ್ಟೂ ಒಂದು ಶೂ ಡಬ್ಬಿಯಷ್ಟು ಜಾಗದಲ್ಲಿ ಕೂರುತ್ತವೆ. ಕನ್ನಡಿ ಸರಿಸದಿದ್ದರೆ ಪವರ್ ಮೀಟರ್, ಸರಿಸಿದರೆ ಎರಡು ಕನ್ನಡಿಗಳಿಂದ ಮರಳಿದ ಕಿರಣಗಳನ್ನು ಬೆರೆಸಿ ಫ್ರೀಕ್ವೆನ್ಸಿ ಹೇಳುವ ಮೈಕೆಲ್ಸನ್ ಸ್ಪೆಕ್ಟ್ರೋಮೀಟರ್.

ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಅದು ತೋರಿಸುವ ಅಂಕಿಯನ್ನು ನಂಬುವುದು ಕಷ್ಟ. ಈ ಪೆಟ್ಟಿಗೆಗೆ ಬರುವ ದೋಷಗಳಲ್ಲಿ ಹೆಚ್ಚಿನವು ರೀಡಿಂಗ್ ಬಾರದೇ ಇರುವುದಲ್ಲ, ಬರಬಾರದ ರೀಡಿಂಗ್ ಬರುವುದು. ಹಾಗಾಗಿ ಹುಡುಕಾಟದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಡಿಟೆಕ್ಟರ್ ಈಗ ನೋಡುತ್ತಿರುವುದು ಟೆರಾಹರ್ಟ್ಸ್ ಹೌದಾ? ಇದನ್ನು ಖಚಿತ ಮಾಡಿಕೊಳ್ಳದೆ ಕನ್ನಡಿ ತಿರುಗಿಸುವುದು, ಗೇನ್ ಏರಿಸುವುದು ಎಲ್ಲ ಸುಮ್ನೆ ಸಮಯ ಹಾಳು.

ಸೋರ್ಸ್ ಆಫ್ ಮಾಡಿದರೂ ರೀಡಿಂಗ್ ಸೊನ್ನೆಗೆ ಬರುವುದಿಲ್ಲ

ಇಲ್ಲಿ ಅಪರಾಧಿ ಬಹುತೇಕ ಬಿಸಿ. ಪೈರೋ ಡಿಟೆಕ್ಟರ್‌ಗೆ ಬಣ್ಣದ ಭೇದವಿಲ್ಲ. ತನ್ನನ್ನು ಬೆಚ್ಚಗೆ ಮಾಡುವ ಯಾವ ಕಿರಣಕ್ಕೂ ಅದು ಮಿಡಿಯುತ್ತದೆ. ಕೋಣೆಯ ತಾಪದಲ್ಲಿರುವ ಕಪ್ಪು ಮೇಲ್ಮೈಯ ಪ್ರತಿ ಚದರ ಸೆಂ.ಮೀ.ನಿಂದ ಸುಮಾರು 46 ಮಿಲಿವಾಟ್ ಶಾಖಕಿರಣ ಹೊರಡುತ್ತಿರುತ್ತದೆ. ತಾಪ 1 ಡಿಗ್ರಿ ಏರಿದರೆ ಅದಕ್ಕೆ ಸುಮಾರು 0.6 ಮಿಲಿವಾಟ್ ಸೇರುತ್ತದೆ. ನಿಮ್ಮ ಡಿಟೆಕ್ಟರ್ 5 ಮಿ.ಮೀ. ಅಗಲವಿದ್ದು, ಅದು ನೋಡುವ ಕೋನ ಅಕ್ಷದಿಂದ 10 ಡಿಗ್ರಿಯಷ್ಟೇ ಇದ್ದರೂ, ಎದುರಿನ ವಸ್ತು 1 ಡಿಗ್ರಿ ಬೆಚ್ಚಗಿದ್ದರೆ ಸುಮಾರು 3.5 ಮೈಕ್ರೋವಾಟ್ ಜಾಸ್ತಿ ಬೀಳುತ್ತದೆ. ಕಪ್ಪು ಆನೋಡೈಸ್ ಮಾಡಿದ ಹೀಟ್‌ಸಿಂಕ್ 45 ಡಿಗ್ರಿಗೆ ಬಂದು, ಚಾಪರ್ ರೆಕ್ಕೆ 28 ಡಿಗ್ರಿಯಲ್ಲಿದ್ದರೆ ಲೆಕ್ಕ 50–60 ಮೈಕ್ರೋವಾಟ್ ಮುಟ್ಟುತ್ತದೆ. ನೀವು ಅಳೆಯಹೊರಟ ಸೋರ್ಸ್‌ನ ಪವರ್ ಕೂಡ ಅಷ್ಟೇ ಇರಬಹುದು ಅಲ್ವಾ?

ಚಾಪರ್ ಹಾಕಿದರೆ ಹಿನ್ನೆಲೆ ಕಳೆದುಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಚಾಪರ್ ತೋರಿಸುವುದು ಎರಡು ನೋಟಗಳ ವ್ಯತ್ಯಾಸವನ್ನು. ಒಮ್ಮೆ ಸೋರ್ಸ್ ಕಾಣುತ್ತದೆ, ಒಮ್ಮೆ ರೆಕ್ಕೆ ಕಾಣುತ್ತದೆ. ಇವೆರಡರ ತಾಪ ಬೇರೆಯಾದರೆ ಟೆರಾಹರ್ಟ್ಸ್ ಇಲ್ಲದೆಯೂ ಸಿಗ್ನಲ್ ಬರುತ್ತದೆ, ಅದೂ ಸರಿಯಾಗಿ ಚಾಪರ್ ಫ್ರೀಕ್ವೆನ್ಸಿಯಲ್ಲೇ. ಲಾಕ್-ಇನ್ ಅದನ್ನು ಬಿಡಿಸಲಾರದು.

ಮೊದಲ ಪರೀಕ್ಷೆಗೆ ಏನೂ ಖರ್ಚಿಲ್ಲ. ಸೋರ್ಸ್ ಅರ್ಧ ಗಂಟೆ ಓಡಿ ಬಿಸಿಯಾಗಲಿ. ಆಮೇಲೆ ಅದರ ಕರೆಂಟ್ ಕಡಿದು ರೀಡಿಂಗ್ ಹೇಗೆ ಇಳಿಯುತ್ತದೆ ನೋಡಿ. ತಟ್ಟನೆ ಬಿದ್ದ ಪಾಲು ಟೆರಾಹರ್ಟ್ಸ್. ನಿಮಿಷಗಟ್ಟಲೆ ನಿಧಾನ ಇಳಿಯುವ ಪಾಲು ಬಿಸಿ. ತಟ್ಟನೆ ಏನೂ ಬೀಳದಿದ್ದರೆ ಇಷ್ಟು ಹೊತ್ತು ಅಳೆದದ್ದು ಹೀಟ್‌ಸಿಂಕನ್ನು ಎಂದರ್ಥ.

ಲಾಕ್-ಇನ್‌ನಲ್ಲಿ ಇನ್ನೊಂದು ಬಲೆ ಇದೆ. ಅನೇಕರು ಸಿಗ್ನಲ್‌ನ ಒಟ್ಟು ಗಾತ್ರವನ್ನಷ್ಟೇ ತೆರೆಯ ಮೇಲಿಟ್ಟುಕೊಳ್ಳುತ್ತಾರೆ. ಗಾತ್ರಕ್ಕೆ ಪ್ಲಸ್ ಮೈನಸ್ ಇಲ್ಲ. ಆದರೆ ಬಿಸಿಯ ಸಿಗ್ನಲ್ ಎರಡೂ ಕಡೆ ವಾಲಬಹುದು: ರೆಕ್ಕೆಗಿಂತ ಸೋರ್ಸ್ ಬೆಚ್ಚಗಿದ್ದರೆ ಪ್ಲಸ್, ತಣ್ಣಗಿದ್ದರೆ ಮೈನಸ್. ತಣ್ಣನೆಯ ಕೋಶದಲ್ಲಿ ಕೂರುವ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ (ಟೆರಾಹರ್ಟ್ಸ್ ಹೊರಡಿಸುವ ಪುಟ್ಟ ಚಿಪ್ ಲೇಸರ್) ಅಳೆಯುವಾಗ ಇದು ಚೆನ್ನಾಗಿ ಕಾಡುತ್ತದೆ. ಲೇಸರ್ ಆನ್ ಮಾಡಿದಾಗ ಗಾತ್ರ ಇಳಿಯುತ್ತದೆ! ಅಸಲಿಗೆ ಆಗಿದ್ದೇನು? ಮೊದಲಿದ್ದ ಮೈನಸ್ ಸಿಗ್ನಲ್‌ಗೆ ಪ್ಲಸ್ ಸಿಗ್ನಲ್ ಸೇರಿ ಸೊನ್ನೆಯ ಹತ್ತಿರ ಬಂದಿದೆ. ಆದ್ದರಿಂದ ಲಾಕ್-ಇನ್‌ನ ಫೇಸ್ ಅನ್ನು, ಅಂದರೆ ಚಾಪರ್‌ಗೂ ಸಿಗ್ನಲ್‌ಗೂ ಇರುವ ಸಮಯದ ಹೊಂದಿಕೆಯನ್ನು, ಒಮ್ಮೆ ಜೋರಾದ ಸಿಗ್ನಲ್‌ಗೆ ಹೊಂದಿಸಿ, ಆಮೇಲೆ ಚಿಹ್ನೆ ಇರುವ ಚಾನಲ್ ಮಾತ್ರ ನೋಡಿ. ಒಟ್ಟು ಗಾತ್ರದಲ್ಲಿ ಇನ್ನೊಂದು ತೊಂದರೆ: ಬರೀ ನಾಯ್ಸ್ ಇದ್ದರೂ ಅದು ಸೊನ್ನೆಗಿಂತ ಮೇಲೆಯೇ ನಿಲ್ಲುತ್ತದೆ.

ಬಿಸಿ ತಡೆಯಲು ಕಪ್ಪು ಪಾಲಿಥಿನ್ ಹಾಳೆ ಅಡ್ಡ ಇಡುವುದು ಹಳೆಯ ಅಭ್ಯಾಸ. ಅದು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ನಿಜ. ಆದರೆ ತೆಳು ಪಾಲಿಥಿನ್ 10 ಮೈಕ್ರಾನ್ ಆಸುಪಾಸಿನ ಶಾಖಕಿರಣವನ್ನು ಚೆನ್ನಾಗಿಯೇ ದಾಟಿಸುತ್ತದೆ. ಜನ ಬಂದಾಗ ತಾನೇ ಹತ್ತುವ ಮೆಟ್ಟಿಲ ದೀಪದ ಸೆನ್ಸರ್ ನೋಡಿದ್ದೀರಲ್ಲ, ಅದರ ಬಿಳಿ ಗುಬುಟು ಮುಚ್ಚಳವೂ ಪಾಲಿಥಿನ್ನೇ. ಮೈಶಾಖ ಅದರೊಳಗಿಂದ ಹಾಯ್ದರಷ್ಟೇ ದೀಪ ಹತ್ತುವುದು. ಅಂಥ ವಸ್ತುವನ್ನು ಬಿಸಿಗೆ ಅಡ್ಡ ಇಟ್ಟು ನೆಮ್ಮದಿಯಾಗಿರುವುದು ಹೇಗೆ?

ನನ್ನ ಆಯ್ಕೆ 1–2 ಮಿ.ಮೀ. ದಪ್ಪದ ಸ್ಫಟಿಕ ಕ್ವಾರ್ಟ್ಜ್ ತಟ್ಟೆ. 10 ಮೈಕ್ರಾನ್ ಸುತ್ತಲಿನ ಶಾಖವನ್ನು ಅದು ಪೂರ್ತಿ ನುಂಗುತ್ತದೆ, 3 ಟೆರಾಹರ್ಟ್ಸ್ ಕೆಳಗಿನ ಕಿರಣವನ್ನು ಮುಕ್ಕಾಲು ಪಾಲು ದಾಟಿಸುತ್ತದೆ. ಅದರ ವಕ್ರೀಭವನಾಂಕ ಸುಮಾರು 2.1. ಎರಡೂ ಮುಖಗಳಲ್ಲಿ ಪ್ರತಿಫಲಿಸಿ ಹೋಗುವುದೇ ಉಳಿದ ಕಾಲು ಪಾಲು. ತಟ್ಟೆ ಅಡ್ಡ ಇಟ್ಟಾಗ ರೀಡಿಂಗ್ ಮುಕ್ಕಾಲಿನ ಹತ್ತಿರ ನಿಂತರೆ ಒಳ್ಳೆಯ ಸುದ್ದಿ. ಕಾಲು ಭಾಗಕ್ಕೆ ಕುಸಿದರೆ ಬಂದದ್ದರಲ್ಲಿ ಹೆಚ್ಚಿನದು ಬಿಸಿಯೇ. ಕಿಟಕಿ ಗಾಜನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದು ಎರಡನ್ನೂ ನುಂಗುತ್ತದೆ, ಏನೂ ಗೊತ್ತಾಗುವುದಿಲ್ಲ.

ಇನ್ನೂ ಅನುಮಾನ ಉಳಿದರೆ, ಒಂದೇ ದಿಕ್ಕಿಗೆ ಕಂಪಿಸುವ ಅಲೆಯನ್ನಷ್ಟೇ ದಾಟಿಸುವ ತಂತಿ ಪೋಲರೈಸರ್ ಹಿಡಿಯಿರಿ. 0.3 ಟೆರಾಹರ್ಟ್ಸ್‌ನಲ್ಲಿ ತರಂಗಾಂತರ 1 ಮಿ.ಮೀ. ಇರುವುದರಿಂದ, ತೆಳು ಬೋರ್ಡ್ ಮೇಲೆ ಹತ್ತಿರ ಹತ್ತಿರ ಕೊರೆದ ತಾಮ್ರದ ಗೆರೆಗಳೂ ಈ ಪರೀಕ್ಷೆಗೆ ಸಾಕು. ಹಾರ್ನ್ ಇಂದ, ಅಂದರೆ ಸೋರ್ಸ್‌ನ ತುದಿಯ ಕಹಳೆಯಾಕಾರದ ಬಾಯಿಂದ, ಬರುವ ಕಿರಣ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಪೋಲರೈಸ್ ಆಗಿರುತ್ತದೆ. ಗೆರೆಗಳನ್ನು 90 ಡಿಗ್ರಿ ತಿರುಗಿಸಿದಾಗ ಅದು ಸತ್ತುಹೋಗಬೇಕು. ಬಿಸಿಗೆ ಯಾವ ದಿಕ್ಕೂ ಇಲ್ಲ. ತಿರುಗಿಸಿದಷ್ಟೂ ಬದಲಾಗದ ಪಾಲನ್ನು ಲೆಕ್ಕದಿಂದ ಕಳೆಯಿರಿ.

ಶಾಶ್ವತ ಪರಿಹಾರ ಎಂದರೆ ಚಾಪರ್ ಬಿಟ್ಟು ಸೋರ್ಸ್ ಅನ್ನೇ ವಿದ್ಯುತ್ತಿನಿಂದ ಆನ್-ಆಫ್ ಮಾಡಿಸುವುದು. ಹೀಟ್‌ಸಿಂಕ್ ಸೆಕೆಂಡಿಗೆ ಹತ್ತಾರು ಸಲ ಬಿಸಿಯಾಗಿ ತಣಿಯಲಾರದು, ಹಾಗಾಗಿ ಅದರ ಸಿಗ್ನಲ್ ತಾನಾಗಿ ಉದುರಿಹೋಗುತ್ತದೆ. ಸೋರ್ಸ್ ಇದಕ್ಕೆ ಒಪ್ಪಿದರೆ ಮೊದಲಿನಿಂದಲೇ ಹೀಗೆ ಮಾಡುವುದು ಲೇಸು. ಪೆಟ್ಟಿಗೆಯಲ್ಲಿ ಒಂದು ಮೋಟರ್ ಕೂಡ ಕಡಿಮೆಯಾಗುತ್ತದೆ.

ಕೂದಲೆಳೆಯಷ್ಟು ಸರಿಸಿದರೆ ರೀಡಿಂಗ್ ಎಗರಾಡುತ್ತದೆ

ಬಿಸಿಯ ಲೆಕ್ಕ ಮುಗಿದ ಮೇಲೆ ನಿಂತ ಅಲೆಗಳ ಸರದಿ. ಡಿಟೆಕ್ಟರ್ ಮುಖದಿಂದ ಸ್ವಲ್ಪ ಕಿರಣ ಹಿಂದಕ್ಕೆ ಚಿಮ್ಮಿ ಹಾರ್ನ್ ಸೇರುತ್ತದೆ, ಅಲ್ಲಿಂದ ಮತ್ತೆ ಮುಂದಕ್ಕೆ ಬರುತ್ತದೆ. ಎರಡೂ ಬೆರೆತು, ಡಿಟೆಕ್ಟರ್ ಅನ್ನು ಅರ್ಧ ತರಂಗಾಂತರ ಸರಿಸಿದಾಗಲೆಲ್ಲ ರೀಡಿಂಗ್ ಒಮ್ಮೆ ಏರಿ ಇಳಿಯುತ್ತದೆ. 0.3 ಟೆರಾಹರ್ಟ್ಸ್‌ಗೆ ಇದು 0.5 ಮಿ.ಮೀ., 1 ಟೆರಾಹರ್ಟ್ಸ್‌ಗೆ 0.15 ಮಿ.ಮೀ. ಮೇಜಿನ ಮೇಲೆ ಕೈ ಊರಿದರೂ ಅಂಕಿ ಬದಲಾಗುತ್ತದೆ ಎಂಬ ದೂರು ಬರುವುದು ಇದರಿಂದಲೇ.

ತೊಂದರೆಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಡಿಟೆಕ್ಟರ್ ಅನ್ನು ಮೈಕ್ರೋಮೀಟರ್ ಸ್ಕ್ರೂ ಮೇಲೆ ಕೂರಿಸಿ 10 ಮಿ.ಮೀ. ಸರಿಸುತ್ತಾ ಹೋಗಿ, ಏರಿಳಿತ ಎಣಿಸಿ. 20 ಬಂದರೆ ಅರ್ಧ ತರಂಗಾಂತರ 0.5 ಮಿ.ಮೀ., ಅಂದರೆ ಸೋರ್ಸ್ 0.3 ಟೆರಾಹರ್ಟ್ಸ್. ಸ್ಪೆಕ್ಟ್ರೋಮೀಟರ್ ಇನ್ನೂ ಸಿದ್ಧವಾಗಿರದಿದ್ದಾಗ ಇದಕ್ಕಿಂತ ಸುಲಭದ ಫ್ರೀಕ್ವೆನ್ಸಿ ಪರೀಕ್ಷೆ ಇಲ್ಲ. ಬಿಸಿಗೆ ಇಂಥ ಏರಿಳಿತ ಬರುವುದಿಲ್ಲವಾದ್ದರಿಂದ, ಇದು ಕಂಡರೆ ಕಿರಣ ಅಸಲಿ ಎಂಬ ಖಾತ್ರಿಯೂ ಸಿಗುತ್ತದೆ.

ಪರಿಹಾರ ಸರಳ. ಡಿಟೆಕ್ಟರ್ ಅನ್ನು 10 ಡಿಗ್ರಿಯಷ್ಟು ಓರೆ ಮಾಡಿ. ಡಿಟೆಕ್ಟರ್ ಮುಂದಿನ ಕಿಟಕಿ ತಟ್ಟೆ, ಫಿಲ್ಟರ್, ಪೋಲರೈಸರ್ ಯಾವುದನ್ನೂ ಕಿರಣಕ್ಕೆ ನೇರವಾಗಿ ನಿಲ್ಲಿಸಬೇಡಿ. ಪವರ್ ಸಾಕಷ್ಟಿದ್ದರೆ ಇಂಗಾಲ ಬೆರೆತ ಪ್ಲಾಸ್ಟಿಕ್ ಹಾಳೆಯೊಂದನ್ನು ಓರೆಯಾಗಿ ಇಡಿ. ಮುಂದೆ ಹೋಗುವ ಕಿರಣ ಅದರಲ್ಲಿ ಒಮ್ಮೆ ಸೊರಗಿದರೆ, ಹಾರ್ನ್ ತನಕ ಹೋಗಿ ತಿರುಗಿ ಬರುವ ಕಿರಣ ಮೂರು ಸಲ ಸೊರಗುತ್ತದೆ. ಕೊನೆಯ ರೀಡಿಂಗ್ ಅನ್ನು ಒಂದೇ ಜಾಗದಲ್ಲಿ ತೆಗೆಯದೆ, ಕಾಲು ತರಂಗಾಂತರ ದೂರದ ಎರಡು ಜಾಗಗಳಲ್ಲಿ ತೆಗೆದು ಸರಾಸರಿ ಮಾಡಿ.

ಹಿಂದೆ ಚಿಮ್ಮಿದ ಕಿರಣ ಸೋರ್ಸ್ ಒಳಕ್ಕೇ ಹೊಕ್ಕು ಅದರ ಫ್ರೀಕ್ವೆನ್ಸಿಯನ್ನೂ ಪವರನ್ನೂ ಅಲುಗಿಸುವುದುಂಟು. ಆಗ ಸರಾಸರಿ ಮಾಡಿ ಪ್ರಯೋಜನವಿಲ್ಲ, ಆ ಓರೆ ಹಾಳೆ ಬೇಕೇ ಬೇಕು.

ನಾಯ್ಸ್ ಜಾಸ್ತಿ, ಅಥವಾ ಕಿರಣ ಮುಚ್ಚಿದರೂ ಸಿಗ್ನಲ್

ಡಿಟೆಕ್ಟರ್ ಮುಖಕ್ಕೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ. ಚಾಪರ್ ಓಡಲಿ. ಈಗಲೂ ಸಿಗ್ನಲ್ ನಿಂತರೆ ಅದು ಬೆಳಕೂ ಅಲ್ಲ, ಬಿಸಿಯೂ ಅಲ್ಲ. ಒಂದೋ ಚಾಪರ್ ಮೋಟರ್‌ನ ಕರೆಂಟ್ ತಂತಿಗಳ ಮೂಲಕ ನುಸುಳುತ್ತಿದೆ, ಇಲ್ಲವೇ ಅದರ ಅದುರು ಡಿಟೆಕ್ಟರ್ ತಲುಪುತ್ತಿದೆ. ಪೈರೋ ಹರಳುಗಳೆಲ್ಲ ಪೀಜೋ ಹರಳುಗಳೂ ಹೌದು. ಒತ್ತಿದರೂ ಅದುರಿದರೂ ವೋಲ್ಟೇಜ್ ಕೊಡುತ್ತವೆ. ಚಾಪರ್ ಅನ್ನು ಪೆಟ್ಟಿಗೆಯಿಂದ ಬಿಚ್ಚಿ ಕೈಯಲ್ಲಿ ಎತ್ತಿ ಹಿಡಿಯಿರಿ. ಸಿಗ್ನಲ್ ಮಾಯವಾದರೆ ಅದುರು, ಹಾಗೇ ಇದ್ದರೆ ವಯರಿಂಗ್. ಅದುರಿಗೆ ರಬ್ಬರ್ ಬುಶ್, ವಯರಿಂಗ್‌ಗೆ ಮೋಟರ್ ಮತ್ತು ಡಿಟೆಕ್ಟರ್ ಸಪ್ಲೈ ಬೇರೆ ಮಾಡಿ ಅರ್ಥಿಂಗ್ ಒಂದೇ ಬಿಂದುವಿಗೆ ತರುವುದು.

ಚಾಪರ್ ವೇಗ ಆರಿಸುವಾಗ ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ನೆನಪಿರಲಿ. ಅಗ್ಗದ ಲಾಕ್-ಇನ್ ಬೋರ್ಡ್‌ಗಳು ಚೌಕ ಅಲೆಯಿಂದ ಗುಣಿಸುತ್ತವೆ. ಅವು ಚಾಪರ್ ಫ್ರೀಕ್ವೆನ್ಸಿಯ 3 ಪಟ್ಟು, 5 ಪಟ್ಟನ್ನೂ ಒಳಗೆ ಬಿಡುತ್ತವೆ. 10 ಹರ್ಟ್ಸ್ ಇಟ್ಟರೆ ಅದರ 5 ಪಟ್ಟು ನೇರ 50. 20 ಇಟ್ಟರೆ 5 ಪಟ್ಟು 100, ಅದು ಟ್ಯೂಬ್‌ಲೈಟಿನ ಮಿಣುಕು. 13 ಹರ್ಟ್ಸ್ ಇಡಿ, ಇವಾವುದಕ್ಕೂ ಸಿಗುವುದಿಲ್ಲ.

ಮಳೆಗಾಲದಲ್ಲಿ ರೀಡಿಂಗ್ ಇಳಿಯುತ್ತದೆ

ಟೆರಾಹರ್ಟ್ಸ್ ಅಂದ ಕೂಡಲೇ ಎಲ್ಲರೂ ನೀರಾವಿಯತ್ತ ಬೆರಳು ತೋರಿಸುತ್ತಾರೆ. ಕೆಲವೊಮ್ಮೆ ಸರಿ. ನೀರಾವಿ 0.557, 0.752, 0.988, 1.097, 1.113, 1.163 ಟೆರಾಹರ್ಟ್ಸ್‌ಗಳಲ್ಲಿ ಬಲವಾಗಿ ಹೀರುತ್ತದೆ. 0.557ರ ನಟ್ಟನಡುವೆ ಒಂದೇ ಮೀಟರ್ ಗಾಳಿ ದಾಟುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. 25 ಡಿಗ್ರಿ, 70% ತೇವದ ಬೆಂಗಳೂರಿನ ಕೋಣೆಯಲ್ಲಿ ಪ್ರತಿ ಘನ ಮೀಟರ್ ಗಾಳಿಗೆ 16 ಗ್ರಾಂ ನೀರಾವಿ ಇರುತ್ತದೆ. 30 ಡಿಗ್ರಿ, 85% ತೇವದ ಮಂಗಳೂರಿನಲ್ಲಿ ಸುಮಾರು 26 ಗ್ರಾಂ. ಒಂದೇ ಪೆಟ್ಟಿಗೆ ಎರಡು ಊರಲ್ಲಿ ಎರಡು ಅಂಕಿ ತೋರಿಸಿದರೆ ಅಚ್ಚರಿ ಬೇಡ.

ಆದರೆ ನಿಮ್ಮ ಸೋರ್ಸ್ 0.3 ಟೆರಾಹರ್ಟ್ಸ್‌ನದಾದರೆ ಗಾಳಿಯನ್ನು ಬೈಯಬೇಡಿ. ಅಲ್ಲಿ ನೀರಾವಿ ಮೇಜಿನಗಲದ ದೂರದಲ್ಲಿ ಏನೂ ಕಸಿಯುವುದಿಲ್ಲ. ಆಗ ನೋಡಬೇಕಾದದ್ದು ಡಿಟೆಕ್ಟರ್ ಬೋರ್ಡ್. ಪೈರೋ ಹರಳಿನ ಪಕ್ಕದ ರೆಸಿಸ್ಟರ್ ಗಿಗಾ ಓಮ್‌ಗಳಲ್ಲಿರುತ್ತದೆ. ಬೆಸುಗೆ ಹಾಕಿದಾಗ ಉಳಿದ ಫ್ಲಕ್ಸ್ ಕಲೆ ತೇವ ಹೀರಿಕೊಂಡರೆ ಅದೇ ಒಂದು ಸೋರುವ ದಾರಿಯಾಗುತ್ತದೆ. ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ ಅಲ್ಲೇ ಸೋರಿಹೋಗಿ, ರೀಡಿಂಗ್ ತೇಲಾಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಬೋರ್ಡ್ ಚೆನ್ನಾಗಿ ಉಜ್ಜಿ, ಬೆಚ್ಚಗೆ ಒಣಗಿಸಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿ.

ಗಾಳಿಯೇ ಕಾರಣ ಎಂದು ಖಚಿತವಾದರೆ ಕಿರಣದ ದಾರಿಯನ್ನು ಗಿಡ್ಡ ಮಾಡಿ, ಪೆಟ್ಟಿಗೆಗೆ ಒಣ ನೈಟ್ರೋಜನ್ ಹಾಯಿಸಿ. ಕೋಣೆಯ ಕಿಟಕಿ ತೆರೆದಿರಲಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ನೈಟ್ರೋಜನ್ ತುಂಬಿದರೆ ಉಸಿರಾಡಲು ಆಕ್ಸಿಜನ್ ಸಾಲದಾಗುತ್ತದೆ. ನೀರಾವಿಯ ಗೆರೆಗಳನ್ನು ಪೂರ್ತಿ ಓಡಿಸುವ ಮುನ್ನ ಅವುಗಳಿಂದ ಒಂದು ಕೆಲಸ ತೆಗೆದುಕೊಳ್ಳಿ. ಅವುಗಳ ಜಾಗ ಎಂದೂ ಬದಲಾಗುವುದಿಲ್ಲ. ಹರಡಿಕೊಂಡ ಸ್ಪೆಕ್ಟ್ರಮ್ ಇರುವ ಸೋರ್ಸ್‌ನಲ್ಲಿ 0.557 ಮತ್ತು 0.752ರ ಕುಳಿಗಳು ಸರಿಯಾದ ಜಾಗದಲ್ಲಿ ಬಿದ್ದಿವೆಯೇ ನೋಡಿದರೆ, ನಿಮ್ಮ ಮೋಟರ್ ಹೆಜ್ಜೆಯ ಲೆಕ್ಕ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.

ಸ್ಪೆಕ್ಟ್ರಮ್‌ನಲ್ಲಿ ಇಲ್ಲದ ಗೆರೆ, ಇರಬೇಕಾದಲ್ಲಿ ಗುಂಡಿ

ಇಲ್ಲಿ ಮೊದಲು ಇಂಟರ್ಫೆರೋಗ್ರಾಂ ಅನ್ನೇ (ಕನ್ನಡಿ ಸರಿದಂತೆ ರೀಡಿಂಗ್ ಏರಿಳಿಯುವ ನಕ್ಷೆ) ನೋಡಿ, ಅದರಿಂದ ಸ್ಪೆಕ್ಟ್ರಮ್ ತೆಗೆಯುವ ಫೂರಿಯೆ ಲೆಕ್ಕ ಆಮೇಲೆ. ಕನ್ನಡಿ ಸರಿದಂತೆ ಒಂದೇ ಫ್ರೀಕ್ವೆನ್ಸಿಯ ಶುದ್ಧ ಕಿರಣ ತುದಿಯಿಂದ ಬಹುತೇಕ ಸೊನ್ನೆಯ ತನಕ ತೂಗಬೇಕು. ಅದು 100ರಿಂದ 70ರ ತನಕ ಮಾತ್ರ ತೂಗುತ್ತಿದ್ದರೆ ಒಂದೋ ಕನ್ನಡಿಗಳು ಓರೆ, ಇಲ್ಲವೇ ಅಡಿಯಲ್ಲಿ ಕದಲದೆ ಕೂತಿರುವುದು ಮೇಲೆ ಹೇಳಿದ ಬಿಸಿ. ಕ್ವಾರ್ಟ್ಜ್ ತಟ್ಟೆ ಇಟ್ಟು ತೂಗು ಸುಧಾರಿಸಿದರೆ ಬಿಸಿ, ಹಾಗೇ ಉಳಿದರೆ ಕನ್ನಡಿ.

ಸಾಮಾನ್ಯ ದೂರುಗಳು ನಾಲ್ಕೈದು. 1.9 ಟೆರಾಹರ್ಟ್ಸ್ ಸುತ್ತ ಏನೂ ಕಾಣುವುದಿಲ್ಲವೇ? ನಿಮ್ಮ ಕಿರಣ ಸೀಳುವ ತಟ್ಟೆ 50 ಮೈಕ್ರಾನ್ ದಪ್ಪದ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ ಇರಬೇಕು. ಅದನ್ನು 45 ಡಿಗ್ರಿಯಲ್ಲಿ ನಿಲ್ಲಿಸಿದಾಗ ಎರಡು ಮುಖಗಳ ಪ್ರತಿಫಲನ ಅಲ್ಲಿ ಒಂದನ್ನೊಂದು ಅಳಿಸಿಹಾಕುತ್ತದೆ. 23 ಮೈಕ್ರಾನ್ ಹಾಳೆ ಹಾಕಿದರೆ ಗುಂಡಿ 4.2 ಟೆರಾಹರ್ಟ್ಸ್‌ಗೆ ಸರಿಯುತ್ತದೆ, ಆದರೆ 0.3ರಲ್ಲಿ ಸಿಗ್ನಲ್ ತೀರಾ ಸೊರಗುತ್ತದೆ. ಹಾಳೆ ತಮಟೆಯ ಹಾಗೆ ಅದುರುವ ಕಾಟ ಬೇರೆ.

ಸಿಲಿಕಾನ್ ತಟ್ಟೆ ಗಟ್ಟಿಮುಟ್ಟು, ಪುಟ್ಟ ಪೆಟ್ಟಿಗೆಗೆ ನನ್ನ ಓಟು ಅದಕ್ಕೇ. ಆದರೆ ಕೈಗೆ ಸಿಕ್ಕ ವೇಫರ್ ನಡೆಯುವುದಿಲ್ಲ. ಚಿಪ್ ತಯಾರಿಕೆಯ ಮಾಮೂಲಿ ವೇಫರ್‌ನ ವಿದ್ಯುತ್ ರೋಧ ಕೆಲವೇ ಓಮ್-ಸೆಂ.ಮೀ., ಅದು ಟೆರಾಹರ್ಟ್ಸ್ ಅನ್ನು ಕುಡಿದುಬಿಡುತ್ತದೆ. 10,000 ಓಮ್-ಸೆಂ.ಮೀ. ಮೇಲಿನ, ಅತಿ ಶುದ್ಧವಾದ ಫ್ಲೋಟ್-ಜೋನ್ ಸಿಲಿಕಾನ್ ಕೇಳಿ ತನ್ನಿ. 0.5 ಮಿ.ಮೀ. ದಪ್ಪದ ತಟ್ಟೆಯಾದರೆ ಸ್ಪೆಕ್ಟ್ರಮ್ ಮೇಲೆ 90 ಗಿಗಾಹರ್ಟ್ಸ್‌ಗೊಮ್ಮೆ ಅಲೆ ಏಳುತ್ತದೆ, ಇಂಟರ್ಫೆರೋಗ್ರಾಂನಲ್ಲಿ ನಡುವಿನಿಂದ 1.67 ಮಿ.ಮೀ. ಆಚೀಚೆ ಪುಟ್ಟ ನಕಲು ಕಾಣುತ್ತದೆ. ದೋಷವಲ್ಲ, ತಟ್ಟೆಯ ಗುಣ. ತಿಳಿದ ಸೋರ್ಸ್‌ನಿಂದ ಒಮ್ಮೆ ಅಳೆದು ಭಾಗಿಸಿಬಿಡಿ.

ಅಸಲಿ ಗೆರೆಯ ಎರಡೂ ಬದಿಗೆ 150 ಗಿಗಾಹರ್ಟ್ಸ್ ದೂರದಲ್ಲಿ ನೆರಳು ಗೆರೆಗಳಿವೆಯೇ? ಸೋರ್ಸ್ ಬದಲಿಸಿದರೂ ದೂರ ಅಷ್ಟೇ ಇದೆಯೇ? ಕನ್ನಡಿ ತಳ್ಳುವ ನಿಮ್ಮ ಲೀಡ್ ಸ್ಕ್ರೂ ಸುತ್ತಿಗೆ 1 ಮಿ.ಮೀ. ಸರಿಯುವಂಥದ್ದು, ಮತ್ತು ಪ್ರತಿ ಸುತ್ತಿನಲ್ಲೂ ಒಂದೇ ತಪ್ಪು ಮಾಡುತ್ತಿದೆ. ಕನ್ನಡಿ 1 ಮಿ.ಮೀ. ಸರಿದರೆ ಕಿರಣದ ದಾರಿ 2 ಮಿ.ಮೀ. ಬದಲಾಗುತ್ತದೆ, 2 ಮಿ.ಮೀ.ಗೆ ಸಮನಾದ ಫ್ರೀಕ್ವೆನ್ಸಿ ಸರಿಯಾಗಿ 150 ಗಿಗಾಹರ್ಟ್ಸ್. ಸ್ಕ್ರೂ ಬದಲಿಸಿ, ಇಲ್ಲವೇ ಕನ್ನಡಿಯ ಜಾಗ ಅಳೆಯುವ ಪುಟ್ಟ ಸ್ಕೇಲ್ ಸೆನ್ಸರ್ ಕೂರಿಸಿ.

ಗೆರೆ ಇರಬಾರದ ಕಡೆ ಇದ್ದರೆ ಮೋಟರ್ ಹೆಜ್ಜೆ ಬದಲಿಸಿ ಮತ್ತೆ ಅಳೆಯಿರಿ. 50 ಮೈಕ್ರಾನ್ ಹೆಜ್ಜೆಗೆ 1.5 ಟೆರಾಹರ್ಟ್ಸ್ ಮಿತಿ, ಅದರ ಮೇಲಿನ ಗೆರೆ ಕೆಳಗಿನ ತಪ್ಪು ಜಾಗದಲ್ಲಿ ಕಾಣುತ್ತದೆ. 2.1ರ ಗೆರೆ ಮಡಿಚಿಕೊಂಡು 0.9ರಲ್ಲಿ ಬಂದು ಕೂರುತ್ತದೆ. ಹೆಜ್ಜೆ 25 ಮೈಕ್ರಾನ್ ಮಾಡಿದಾಗ ಗೆರೆ ಜಾಗ ಬಿಟ್ಟರೆ ಅದು ಮಡಿಕೆಯ ಗೆರೆ. ಇನ್ನು, 15 ಮಿ.ಮೀ. ಓಡುವ ಕನ್ನಡಿಗೆ ಸುಮಾರು 10 ಗಿಗಾಹರ್ಟ್ಸ್‌ಗಿಂತ ಸಣ್ಣ ವಿವರ ಕಾಣದು. ಚೂಪು ಗೆರೆಯ ಪಕ್ಕದ ಸಣ್ಣ ಗುಬ್ಬಿಗಳು ಆ ಮಿತಿಯ ಫಲ. ಅವನ್ನು ಹಾರ್ಮೋನಿಕ್ ಎಂದುಕೊಳ್ಳಬೇಡಿ, ಅಸಲಿ ಹಾರ್ಮೋನಿಕ್ 2 ಪಟ್ಟು, 3 ಪಟ್ಟಿನಲ್ಲೇ ಬರುತ್ತದೆ.

ಎಲ್ಲ ಸರಿಯಿದೆ, ಆದರೂ ಮೈಕ್ರೋವಾಟ್ ಲೆಕ್ಕ ಹೊಂದುವುದಿಲ್ಲ

ಡಿಟೆಕ್ಟರ್ ಜೊತೆ ಬಂದ ಹಾಳೆಯಲ್ಲಿ ವಾಟ್‌ಗೆ ಇಷ್ಟು ವೋಲ್ಟ್ ಎಂದಿರುತ್ತದೆ. ಯಾವ ಬೆಳಕಿನಲ್ಲಿ ಅಳೆದದ್ದು ಎಂದು ಓದಿ. ಹಲವು ಡಿಟೆಕ್ಟರ್‌ಗಳನ್ನು 633 ನ್ಯಾನೋಮೀಟರ್‌ನ ಕೆಂಪು ಲೇಸರ್‌ನಲ್ಲಿ ತೂಗಿರುತ್ತಾರೆ. ಕಣ್ಣಿಗೆ ಕಪ್ಪಾಗಿ ಕಾಣುವ ತೆಳು ಲೇಪ 1 ಮಿ.ಮೀ. ತರಂಗಾಂತರಕ್ಕೆ ಬಹುತೇಕ ಪಾರದರ್ಶಕ. ಆ ಅಂಕಿಯನ್ನು 0.3 ಟೆರಾಹರ್ಟ್ಸ್‌ಗೆ ಬಳಸಿದರೆ ಹಲವು ಪಟ್ಟು ತಪ್ಪಬಹುದು.

ಕಿರಣದ ಚುಕ್ಕೆಯೂ ನಿಮ್ಮ ಅಂದಾಜಿಗಿಂತ ದೊಡ್ಡದಿರುತ್ತದೆ. ಎಫ್/2 ಕನ್ನಡಿಯಿಂದ (ಫೋಕಸ್ ದೂರ ಅದರ ಅಗಲದ ಎರಡು ಪಟ್ಟು) ಕೂಡಿಸಿದಾಗ 1 ಟೆರಾಹರ್ಟ್ಸ್‌ನ ಚುಕ್ಕೆ ಸುಮಾರು 1.5 ಮಿ.ಮೀ., 0.3ರದ್ದು 5 ಮಿ.ಮೀ. ಡಿಟೆಕ್ಟರ್ 2 ಮಿ.ಮೀ.ನದಾದರೆ ಹೆಚ್ಚಿನ ಪಾಲು ಹೊರಗೇ ಬಿತ್ತು. ಡಿಟೆಕ್ಟರ್ ಅನ್ನು ಅಡ್ಡಡ್ಡ ಸರಿಸಿ ಚುಕ್ಕೆಯ ನಕ್ಷೆ ತೆಗೆದು ಕೂಡಿಸುವುದೊಂದೇ ದಾರಿ.

ಸರಿಯಾದ ತೂಕ ಬೇಕಿದ್ದರೆ ಜರ್ಮನಿಯ ಪಿಟಿಬಿಯಂಥ ರಾಷ್ಟ್ರೀಯ ಮಾಪನ ಸಂಸ್ಥೆಗಳಿವೆ. ಅಲ್ಲಿ ಮೆಥನಾಲ್ ಲೇಸರ್‌ನ 2.52 ಟೆರಾಹರ್ಟ್ಸ್ ಗೆರೆಯಲ್ಲಿ ಡಿಟೆಕ್ಟರ್‌ಗಳನ್ನು ಅಳೆದಿದ್ದಾರೆ. ಅಷ್ಟು ದೂರ ಹೋಗಲಾಗದವರು ಲೋಹದ ತೆಳು ಪರದೆಯ ಗುಣ ಬಳಸಿಕೊಳ್ಳಬಹುದು. ಚೌಕಕ್ಕೆ 188 ಓಮ್ ರೋಧವಿರುವ ತೆಳು ಲೋಹಪದರ, ಅಂದರೆ ಖಾಲಿ ಬಯಲು ಅಲೆಗೆ ಒಡ್ಡುವ 377 ಓಮ್‌ನ ಅರ್ಧ, ನೇರ ಬಿದ್ದ ಕಿರಣದಲ್ಲಿ ಸರಿಯಾಗಿ ಅರ್ಧ ಹೀರುತ್ತದೆ, ಫ್ರೀಕ್ವೆನ್ಸಿ ಯಾವುದೇ ಇರಲಿ. ಅದನ್ನು ಹಿಡಿದಿಡುವ ಪೊರೆ ಮಾತ್ರ ತರಂಗಾಂತರಕ್ಕಿಂತ ತೀರಾ ತೆಳ್ಳಗಿರಬೇಕು. ಅದೇ ಪದರಕ್ಕೆ ಎರಡು ತಂತಿ ಹಚ್ಚಿ, ಕಿರಣ ಮಾಡಿದಷ್ಟೇ ಬಿಸಿಯನ್ನು ಕರೆಂಟ್‌ನಿಂದ ಮಾಡಿ. ವೋಲ್ಟ್ ಮತ್ತು ಆಂಪಿಯರ್ ಗುಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿದರೆ ಕಿರಣದ ಪವರ್ ಸಿಗುತ್ತದೆ. ಪದರದ ಮುಂದೆ ಕಿಟಕಿ ಇದ್ದರೆ ಅದರ ನಷ್ಟವನ್ನು ಬೇರೆಯಾಗಿ ಸೇರಿಸಿಕೊಳ್ಳಿ. ಈ ಅಳತೆಯಲ್ಲೂ ಸೋರ್ಸ್‌ನ ಬಿಸಿ ಒಳಗೆ ಬರದಂತೆ ಕ್ವಾರ್ಟ್ಜ್ ತಟ್ಟೆ ಇರಲಿ.